ಅಂಗೈಯಲ್ಲಿ ಬೆಲ್ಲ

ಎರಡು ವರ್ಷದ ಹಿಂದಿನ ಸಂಕ್ರಾಂತಿ. ಪಾಂಡವಪುರ ತಾಲ್ಲೂಕಿನ ನಮ್ಮೂರ ಮನೆಯಲ್ಲಿ ಅವ್ವ ಎಳ್ಳಿಗೆ ಬೆರೆಸಲು ಅಚ್ಚುಬೆಲ್ಲ ಹೆಚ್ಚುತ್ತಾ ಕೂತಿದ್ದಳು. ತಂಗಿಯ ಮಗಳಿಗೆ ಆಗ ಹದಿನಾಲ್ಕು ತಿಂಗಳು. ಬಾಯಲ್ಲಿ ಇದ್ದದ್ದು ಮೂರೇ ಮಾತು: ಅವ್ವ, ಬಾ, ಬುವ್ವ. ಗೋಡೆ ಹಿಡಿದು ಹೆಜ್ಜೆ ಹಾಕುತ್ತಾ ಬಂದ ಕೂಸು ಅವ್ವನ ಮುಂದೆ ದೊಪ್ಪನೆ ಕೂತು, ಎಡ ಅಂಗೈ ಬಿಡಿಸಿ, ಬಲಗೈಯ ತೋರುಬೆರಳಿನಿಂದ ಅದರ ಮೇಲೆ ಎರಡು ಸಲ ಉಜ್ಜಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿತು. ಅವ್ವ ಹೆಚ್ಚುವ ಕೈ ನಿಲ್ಲಿಸಲಿಲ್ಲ. 'ಒಂದೇ ಚೂರು ಕಣವ್ವ, ಹೊಟ್ಟೆ ನೋವ್ ಬತ್ತದೆ' ಎನ್ನುತ್ತಾ ಒಂದು ಚೂರು ಬೆಲ್ಲವನ್ನು ಆ ಅಂಗೈಗೆ ಹಾಕಿದಳು.

ನಾನು ಅಲ್ಲೇ ಕೂತು ನೋಡುತ್ತಿದ್ದೆ. 'ಇದನ್ನ ಯಾರು ಹೇಳ್ಕೊಟ್ರವ್ವ?' ಅಂದೆ. 'ಯಾರ್ ಹೇಳ್ಕೊಡ್ತಾರೆ? ನಾನೇ ಯಾವಾಗ್ಲೋ ಮಾಡಿರ್ತೀನಿ. ನೋಡ್ಕಂಡದೆ' ಅಂದಳು. ಅವ್ವನಿಗೆ ಅದು ಲೆಕ್ಕಕ್ಕೆ ಬರುವ ಸಂಗತಿಯೇ ಅಲ್ಲ. ನನಗೆ ಮಾತ್ರ ಮೈ ಜುಮ್ಮೆಂದಿತು. ಆ ಸನ್ನೆ ಅವ್ವನದಲ್ಲ. ಅದು ಯಾರದೆಂದು ನನಗೆ ಗೊತ್ತಿತ್ತು. ಅದರ ಒಡತಿ ತೀರಿಕೊಂಡು ಎಷ್ಟೋ ವರ್ಷವಾಗಿದೆ.

ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಾತು ಬಾರದ ಕೂಸುಗಳಿಗೆ ಕೈಮಾತು ಕಲಿಸುವುದು ನಮ್ಮ ಕಡೆಯ ಮನೆಗಳಿಗೆ ಹೊಸದೇನಲ್ಲ. ಎಂಟು ಒಂಬತ್ತು ತಿಂಗಳಿಗೆ ಕೂಸು ಕೂರುವುದು ಗಟ್ಟಿಯಾಯಿತೆಂದರೆ ಮನೆಮಂದಿಯೆಲ್ಲ ಮೇಷ್ಟರಾಗುತ್ತಾರೆ. 'ಚಾಮಿ ಮಾಡು' ಎಂದರೆ ಕೈ ಮುಗಿಯಬೇಕು. ತಾರಮ್ಮಯ್ಯ ಎಂದರೆ ಮಣಿಕಟ್ಟು ತಿರುಗಿಸಬೇಕು. ಬಸ್ಸು ಹತ್ತುವ ನೆಂಟರಿಗೆ ಟಾಟಾ ಮಾಡಬೇಕು. ಬಟ್ಟಲು ಬರಿದಾದರೆ ಎರಡೂ ಅಂಗೈ ಮೇಲೆ ಮಾಡಿ 'ಆಗೋಯ್ತು' ತೋರಿಸಬೇಕು. ಅಜ್ಜಿ ದೃಷ್ಟಿ ತೆಗೆದು ನೆಟಿಗೆ ಮುರಿದರೆ ಕೂಸೂ ತನ್ನ ಎಳೆ ಬೆರಳುಗಳನ್ನು ಕೆನ್ನೆಗೆ ಒತ್ತುತ್ತದೆ. ಸದ್ದು ಬಾರದಿದ್ದರೂ ಅರ್ಥ ಬರುತ್ತದೆ.

ಇದಕ್ಕೆ ಕಾರಣ ಸರಳ. ಮಾತಾಡಲು ನಾಲಿಗೆ, ತುಟಿ, ಗಂಟಲು, ಉಸಿರು ಎಲ್ಲವೂ ಒಟ್ಟಿಗೆ ಹದಕ್ಕೆ ಬರಬೇಕು. ಕೈಗೆ ಅಷ್ಟೆಲ್ಲ ಬೇಕಿಲ್ಲ. ಹೀಗಾಗಿ ಮೊದಲ ಮಾತು ವರ್ಷದ ಆಸುಪಾಸಿಗೆ ಬಂದರೆ, ಬೆರಳು ಮಾಡಿ ತೋರಿಸುವುದು ಅದಕ್ಕೂ ಮೊದಲೇ ಬಂದಿರುತ್ತದೆ. ಕೂಸಿನ ತಲೆಯಲ್ಲಿ ಬೇಕು ಬೇಡಗಳೆಲ್ಲ ತಯಾರಾಗಿವೆ, ಬಾಯಿ ಮಾತ್ರ ಇನ್ನೂ ತಯಾರಾಗಿಲ್ಲ. ಆ ನಾಲ್ಕಾರು ತಿಂಗಳು ಮನೆಯಲ್ಲಿ ಕೇಳುವ ಅಳುವಿನಲ್ಲಿ ಅರ್ಧದಷ್ಟು ಈ ಸಂಕಟದ್ದೇ ಇರಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಂಡಾ ಅಕ್ರೆಡೊಲೊ ಎಂಬ ಮನೋವಿಜ್ಞಾನಿ 1980ರ ದಶಕದ ಆರಂಭದಲ್ಲಿ ಇದನ್ನು ತಮ್ಮ ಮನೆಯಲ್ಲೇ ಕಂಡರು. ವರ್ಷದ ಮಗಳು ತೋಟದ ಗುಲಾಬಿಯತ್ತ ಬೆರಳು ಮಾಡಿ ಮೂಗು ಮುದುಡಿಸಿ ಮೂಸಿ ತೋರಿಸಿದಳು. ಹೂವು ಎನ್ನಲು ಅವಳೇ ಕಟ್ಟಿಕೊಂಡ ಸನ್ನೆ ಅದು. ಅಕ್ರೆಡೊಲೊ ತಮ್ಮ ಸಹೋದ್ಯೋಗಿ ಸೂಸನ್ ಗುಡ್ವಿನ್ ಜೊತೆ ಸೇರಿ ವರ್ಷಗಟ್ಟಲೆ ಸಂಶೋಧನೆ ನಡೆಸಿ 1996ರಲ್ಲಿ 'ಬೇಬಿ ಸೈನ್ಸ್' ಎಂಬ ಪುಸ್ತಕ ತಂದರು. ಅಲ್ಲಿಂದ ಅದು ತರಗತಿಯಾಯಿತು, ಕಾರ್ಡುಗಳಾಯಿತು, ವಿಡಿಯೊ ಆಯಿತು, ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಬಂದಿದೆ. ಗೆಳೆಯರೊಬ್ಬರ ಮನೆಯಲ್ಲಿ ಒಂಬತ್ತು ತಿಂಗಳ ಮಗು ಮುಷ್ಟಿ ಬಿಗಿದು ಸಡಿಲಿಸಿ ಹಾಲು ಕೇಳುವುದನ್ನು ನೋಡಿದ್ದೇನೆ. ಅಮೆರಿಕದ ಸನ್ನೆ ಭಾಷೆಯಲ್ಲಿ ಹಾಲಿಗೆ ಹಸು ಕರೆಯುವ ಕೈಯೇ ಗುರುತು. ನಮ್ಮೂರ ಕೂಸಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ, ಕೊಟ್ಟಿಗೆಯಲ್ಲಿ ದಿನಾ ನೋಡುತ್ತದೆ.

ಸನ್ನೆ ಕಲಿತ ಕೂಸು ಬೇಗ ಮಾತಾಡುತ್ತದೆ, ಬುದ್ಧಿ ಚುರುಕಾಗುತ್ತದೆ ಎಂಬ ಪ್ರಚಾರ ಆ ತರಗತಿಗಳ ಜೊತೆಗೇ ಬಂತು. ಅದನ್ನು ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ಎಲಿಜಬೆತ್ ಕಿರ್ಕ್ ಮತ್ತು ಸಂಗಡಿಗರು 40 ಕೂಸುಗಳನ್ನು ಎಂಟನೇ ತಿಂಗಳಿಂದ ಇಪ್ಪತ್ತನೇ ತಿಂಗಳವರೆಗೆ ಬಿಡದೆ ಗಮನಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಸನ್ನೆ ಕಲಿತ ಕೂಸುಗಳ ಮಾತು ಬೇಗನೆಯೂ ಬರಲಿಲ್ಲ, ತಡವೂ ಆಗಲಿಲ್ಲ. ಬದಲಾದದ್ದು ತಾಯಂದಿರು. ಕೂಸಿನ ಮನಸ್ಸಿನಲ್ಲಿ ಏನಿದೆ ಎಂದು ಅವರು ಹೆಚ್ಚು ಗಮನ ಕೊಡತೊಡಗಿದ್ದರು. ಕೈ ನೋಡಬೇಕಾದರೆ ಮುಖವನ್ನೂ ನೋಡಲೇಬೇಕಲ್ಲ. ಮಾತು ತಡವಾದೀತೆಂದು ಹೆದರುವ ಅಜ್ಜಿಯರಿಗೆ ಇಷ್ಟು ಧೈರ್ಯ ಹೇಳಿದರೆ ಸಾಕು. ಬುದ್ಧಿವಂತ ಮಗು ಬೇಕೆಂದು ದುಡ್ಡು ಕಟ್ಟುವವರಿಗೆ ಹೇಳುವುದು ಬೇರೆ ಇದೆ. ಸನ್ನೆ ಭಾಷೆ ಇನ್ನೊಬ್ಬರ ತಾಯ್ನುಡಿ. ಆ ಇನ್ನೊಬ್ಬರು ನಮ್ಮ ಬೀದಿಯಲ್ಲೇ ಇರುತ್ತಾರೆ.

ನಮ್ಮ ಬೀದಿಯಲ್ಲಿ ಇದ್ದವಳು ಮೂಗವ್ವ. ನಾಗಮಂಗಲದ ಕಡೆಯಿಂದ ಮದುವೆಯಾಗಿ ಬಂದವಳು. ಅವಳಿಗೊಂದು ಹೆಸರಿತ್ತು, ಪಡಿತರ ಚೀಟಿಯಲ್ಲಿ ಬರೆದಿತ್ತು. ಊರಲ್ಲಿ ಒಬ್ಬರೂ ಅದನ್ನು ಬಳಸಲಿಲ್ಲ. ಹುಟ್ಟಿನಿಂದ ಕಿವಿ ಕೇಳಿಸದವಳನ್ನು ಮೂಗಿ ಎನ್ನುವ ರೂಢಿ ನಮ್ಮಲ್ಲಿ ಇವತ್ತಿಗೂ ಇದೆ. ಕೇಳಿಸದಿದ್ದರಿಂದ ಬಾಯಿಮಾತು ಬರಲಿಲ್ಲ ಎನ್ನುವಷ್ಟಕ್ಕೆ ನಿಂತಿದ್ದರೆ ಸರಿ. ಮಾತೇ ಇಲ್ಲ, ಆದ್ದರಿಂದ ತಿಳಿವಳಿಕೆಯೂ ಇಲ್ಲ ಎಂಬಲ್ಲಿಗೆ ಊರು ಒಂದೇ ಹೆಜ್ಜೆಯಲ್ಲಿ ಹೋಗಿಬಿಡುತ್ತದೆ. ಆ ಪದವನ್ನು ಇಲ್ಲಿ ಬರೆಯುವಾಗಲೂ ನನಗೆ ಮುಜುಗರವಾಗುತ್ತಿದೆ. ಆದರೆ ನಾವು ಅವಳನ್ನು ಕರೆದದ್ದು ಹಾಗೇ, ಅದನ್ನು ಮುಚ್ಚಿಡುವುದು ಇನ್ನೊಂದು ತಪ್ಪಾದೀತು.

ಅವಳು ಆಲೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಮೇಲೆ ನಮ್ಮ ಸೀಮೆಯೆಲ್ಲ ಕಬ್ಬು, ಕಬ್ಬು ಇದ್ದಲ್ಲೆಲ್ಲ ಆಲೆಮನೆ. ಅಲ್ಲಿ ಗಾಣದ ಇಂಜಿನ್ ದಬದಬ ಶುರುವಾಯಿತೆಂದರೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸುವುದಿಲ್ಲ. ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡಬೇಕು. ಆ ಮಾತಿನಲ್ಲಿ ಮೂಗವ್ವನನ್ನು ಮೀರಿಸಿದವರಿರಲಿಲ್ಲ. ಒಲೆಗೆ ಇನ್ನಷ್ಟು ಸಿಪ್ಪೆ ಹಾಕು, ಉರಿ ತಗ್ಗಿಸು, ನೊರೆ ಉಕ್ಕಿತು, ಪಾಕ ಹದ ಬಂತು, ಕೊಪ್ಪರಿಗೆ ಇಳಿಸಿ ಎಂದು ಇಪ್ಪತ್ತು ಮಾರು ದೂರದಿಂದ ಅವಳು ಹೇಳುತ್ತಿದ್ದಳು. ಮೀಸೆ ಬಂದ ಗಂಡಾಳುಗಳು ಅವಳ ಕೈ ನೋಡಿಕೊಂಡು ಕೆಲಸ ಮಾಡುತ್ತಿದ್ದರು. ಬಿಸಿ ಪಾಕವನ್ನು ಮುತ್ತುಗದೆಲೆಯ ಮೇಲೆ ಹಾಕಿಸಿ, ಆರಿದ ಮೇಲೆ ನಮ್ಮಂಥ ಮಕ್ಕಳ ಅಂಗೈಗೆ ಸವರುತ್ತಿದ್ದಳು. ನಾವು ಬೆರಳಲ್ಲಿ ಉಜ್ಜಿ ನೆಕ್ಕುತ್ತಿದ್ದೆವು. ಅದೇ ಬೆಲ್ಲದ ಸನ್ನೆಯಾಯಿತು.

ಅವಳ ಹತ್ತಿರ ಹೀಗೆ ನೂರಾರು ಇದ್ದವು. ಗಂಡಸೆಂದರೆ ಮೀಸೆ ತಿರುವುವುದು, ಹೆಂಗಸೆಂದರೆ ಮೂಗುಬಟ್ಟಿನ ಜಾಗ ಮುಟ್ಟುವುದು. ನಮ್ಮ ಅವ್ವನ ಹೆಸರು ಗಲ್ಲದ ಮಚ್ಚೆ. ನನ್ನ ಹೆಸರು, ಬಿದ್ದು ಮುರಿದುಕೊಂಡಿದ್ದ ಎಡ ಮೊಣಕೈ. ಮೇಲುಕೋಟೆಗೆ ಹಣೆಯ ಮೇಲೆ ಮೂರು ನಾಮ ಎಳೆಯುತ್ತಿದ್ದಳು. ಶ್ರೀರಂಗಪಟ್ಟಣಕ್ಕೆ ತಲೆಯ ಕೆಳಗೆ ಕೈಕೊಟ್ಟು ಕಣ್ಣು ಮುಚ್ಚುತ್ತಿದ್ದಳು, ಮಲಗಿರುವ ರಂಗನಾಥ. ತವರಿನ ನಾಗಮಂಗಲಕ್ಕೆ ಅಂಗೈಯನ್ನು ಹೆಡೆಯಂತೆ ಎತ್ತಿ ಎದೆಗೆ ತಂದುಕೊಳ್ಳುತ್ತಿದ್ದಳು. ಹೆಡೆ ಊರಿನ ಹೆಸರಾದರೆ ಎದೆಗೆ ತರುವುದು ತವರಿನ ಅರ್ಥ. ವರ್ಷಗಳ ನಂತರ ಭಾರತೀಯ ಸನ್ನೆ ಭಾಷೆಯ ಪರಿಚಯವಾದಾಗ, ಅಲ್ಲೂ ಗಂಡಸಿಗೆ ಮೀಸೆ, ಹೆಂಗಸಿಗೆ ಮೂಗುತಿಯ ಜಾಗ ಎಂದು ಗೊತ್ತಾಗಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಅವಳ ಮಕ್ಕಳಿಗೆಲ್ಲ ಕಿವಿ ಕೇಳಿಸುತ್ತಿತ್ತು. ಕೂಸು ಅತ್ತರೆ ಗೊತ್ತಾಗಲೆಂದು ರಾತ್ರಿ ಸೆರಗಿನ ತುದಿಯನ್ನು ಅದರ ಕಾಲಿಗೆ ಗಂಟು ಹಾಕಿಕೊಂಡು ಮಲಗುತ್ತಿದ್ದಳಂತೆ. ಹಗಲಲ್ಲಿ ಆ ಕೂಸುಗಳು ಅವ್ವನ ಬೆನ್ನ ಹಿಂದೆ ಅಳುತ್ತಿರಲಿಲ್ಲ, ತೆವಳಿಕೊಂಡು ಹೋಗಿ ಸೀರೆ ಜಗ್ಗಿ, ಮುಖ ತಿರುಗಿದ ಮೇಲೆಯೇ ಅಳುತ್ತಿದ್ದವು ಎಂದು ಅವ್ವ ಹೇಳುತ್ತಿದ್ದಳು. ಅವು ತೊಟ್ಟಿಲಲ್ಲೇ ಕೈಮಾತು ಕಲಿತವು. ಬಾಯಿಮಾತನ್ನು ಅಜ್ಜಿಯಿಂದ, ಬೀದಿಯಿಂದ ಕಲಿತವು. ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಮಕ್ಕಳು ನಮ್ಮಲ್ಲಿ ಎಷ್ಟಿಲ್ಲ? ಇದೂ ಹಾಗೇ.

ಆದರೆ ಬೀದಿಯಲ್ಲಿ ನಾವು ಕಲಿತದ್ದು ಅರ್ಧಂಬರ್ಧ. ಬೆಲ್ಲ, ನೀರು, ಬಾ, ಹೋಗು, ಸಂತೆ, ಜ್ವರ. ಅವಳ ಮಕ್ಕಳು ದೊಡ್ಡವರಾಗಿ ಕೆಲಸಕ್ಕೆಂದು ಊರು ಬಿಟ್ಟ ಮೇಲೆ ಅವಳೊಡನೆ ಪೂರ್ತಿ ಮಾತಾಡಬಲ್ಲವಳು ಎಂಟು ವರ್ಷದ ಮೊಮ್ಮಗಳೊಬ್ಬಳೇ. ಕೊನೆಗಾಲದಲ್ಲಿ ಅವಳನ್ನು ಒಂದು ದೊಡ್ಡಾಸ್ಪತ್ರೆಗೆ ಕರೆದೊಯ್ದಾಗ ನಾನೂ ಜೊತೆಗಿದ್ದೆ. ಡಾಕ್ಟರು ಕೇಳಿದ್ದನ್ನೆಲ್ಲ ಆ ಹುಡುಗಿ ಅಜ್ಜಿಗೆ ಕೈಯಲ್ಲಿ ಕೇಳಬೇಕು, ಅಜ್ಜಿ ತೋರಿಸಿದ್ದನ್ನು ಬಾಯಲ್ಲಿ ಹೇಳಬೇಕು. ಎಲ್ಲಿ ನೋವು, ಯಾವಾಗಿಂದ, ಊಟ ಸೇರುತ್ತದೆಯೇ. ರಿಪೋರ್ಟು ನೋಡಿದ ಡಾಕ್ಟರು ಅವಸರದಲ್ಲಿದ್ದರು. 'ಇದು ವಾಸಿಯಾಗೋದಲ್ಲ ಅಂತ ಹೇಳಮ್ಮ' ಅಂದುಬಿಟ್ಟರು. ಹುಡುಗಿ ನನ್ನ ಮುಖ ನೋಡಿದಳು. ಅಜ್ಜಿ ಅವಳ ಕೈಯನ್ನೇ ನೋಡುತ್ತಾ ಕಾಯುತ್ತಿದ್ದಳು. ಹುಡುಗಿ ಎರಡೂ ಕೈ ಜೋಡಿಸಿ ಮನೆಯ ಮಾಡು ತೋರಿಸಿ, ಬಾಗಿಲ ಕಡೆ ಬೆರಳು ಮಾಡಿದಳು. ಮನೆಗೆ ಹೋಗೋಣ ಅಂತೆ ಅಜ್ಜಿ.

ಒಂದು ಊರಿಗೆ ಊರೇ ಹೊರಬೇಕಾದ ಭಾರವನ್ನು ಅವತ್ತು ಎಂಟು ವರ್ಷದ ಮಗುವಿನ ಕೈಗೆ ಕೊಟ್ಟಿದ್ದೆವು.

ಭಾಷಾವಿಜ್ಞಾನಿಗಳು ಮೂಗವ್ವನಂಥವರ ಕೈಮಾತನ್ನು ಮನೆಸನ್ನೆ ಎನ್ನುತ್ತಾರೆ. ಎಷ್ಟೇ ಜಾಣತನದ್ದಾದರೂ ಒಬ್ಬಳ ಜೊತೆ ಹುಟ್ಟಿ ಅವಳ ಜೊತೆಗೇ ಹೋಗುವಂಥದು. ಅದು ಪೂರ್ಣ ಭಾಷೆಯಾಗಲು ಜನ ಬೇಕು, ಅದರಲ್ಲೂ ಮಕ್ಕಳು ಬೇಕು. ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ಇದು ಲೋಕದ ಕಣ್ಣೆದುರೇ ನಡೆಯಿತು. 1977ರಲ್ಲಿ ಮನಾಗುವಾ ನಗರದಲ್ಲಿ ವಿಶೇಷ ಮಕ್ಕಳ ಶಾಲೆ ಶುರುವಾಗಿ, ಬೇರೆಬೇರೆ ಮನೆಗಳಲ್ಲಿ ಒಂಟಿಯಾಗಿದ್ದ ಕಿವುಡ ಮಕ್ಕಳು ಒಂದೆಡೆ ಸೇರಿದರು. ತರಗತಿಯಲ್ಲಿ ತುಟಿ ನೋಡಿ ಮಾತು ಕಲಿಯುವ ಪಾಠ. ಆಟದ ಬಯಲಲ್ಲಿ, ಶಾಲೆಯ ಬಸ್ಸಿನಲ್ಲಿ ಮಕ್ಕಳು ತಮ್ಮ ತಮ್ಮ ಮನೆಸನ್ನೆಗಳನ್ನು ಬೆರೆಸಿದರು. ಅವರ ನಂತರ ಬಂದ ಇನ್ನೂ ಚಿಕ್ಕ ಮಕ್ಕಳು ಅದಕ್ಕೆ ವ್ಯಾಕರಣ ಕೂಡಿಸಿದರು. ದೊಡ್ಡವರು ಯಾರೂ ಕಲಿಸದೆ ಒಂದು ಹೊಸ ಭಾಷೆ ಎದ್ದು ನಿಂತಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಗೌರಿಬಿದನೂರು ತಾಲ್ಲೂಕಿನಲ್ಲಿ ಅಲೀಪುರ ಎಂಬ ಊರಿದೆ. ಶಿಯಾ ಮುಸಲ್ಮಾನರು ಹೆಚ್ಚಿರುವ, ಹರಳಿನ ವ್ಯಾಪಾರಕ್ಕೆ ಹೆಸರಾದ ಊರು. ತಲೆಮಾರುಗಳಿಂದ ಒಳಗೊಳಗೇ ಸಂಬಂಧ ಬೆಳೆಸಿದ್ದರಿಂದ ಅಲ್ಲಿ ಹುಟ್ಟುಕಿವುಡು ಬೇರೆ ಊರುಗಳಿಗಿಂತ ಬಹಳ ಹೆಚ್ಚು. ಸ್ವತಃ ಕಿವುಡರಾದ ಸಂಶೋಧಕ ಸಿಬಾಜಿ ಪಂಡಾ ಅಲ್ಲಿ ಅಧ್ಯಯನ ಮಾಡಿ 2012ರಲ್ಲಿ ಬರೆದಾಗ ಊರಲ್ಲಿ ಸುಮಾರು 150 ಕಿವುಡರಿದ್ದರು. ಆ ಊರಿಗೆ ತನ್ನದೇ ಸನ್ನೆ ಭಾಷೆ ಇದೆ, ವಿದ್ವಾಂಸರು ಅದನ್ನು ಅಲೀಪುರ ಸನ್ನೆ ಭಾಷೆ ಎಂದೇ ಕರೆಯುತ್ತಾರೆ. ನನಗೆ ಮುಖ್ಯವೆನಿಸಿದ್ದು ಇದು: ಕಿವಿ ಕೇಳಿಸುವ ಎಷ್ಟೋ ಮಂದಿಯೂ ಅಲ್ಲಿ ಆ ಭಾಷೆ ಆಡುತ್ತಾರೆ. ಅವರು ಅದನ್ನು ತರಗತಿಗೆ ಹೋಗಿ ಕಲಿತದ್ದಲ್ಲ. ಪಕ್ಕದ ಮನೆಯ ಚಿಕ್ಕಪ್ಪ, ಓರಗೆಯ ಹುಡುಗ, ಅಂಗಡಿಯವ ಕಿವುಡನಾದರೆ ಭಾಷೆ ತಾನಾಗಿ ಕೈಗೆ ಬರುತ್ತದೆ. ಹೊರಗೆ ಓದಿ ಬಂದ ಕಿವುಡ ಯುವಕರು ಭಾರತೀಯ ಸನ್ನೆ ಭಾಷೆಯನ್ನು ತಂದ ಮೇಲೆ ಊರಿನ ಹಳೆಯ ಭಾಷೆ ಈಗ ಹಿಂದೆ ಸರಿಯುತ್ತಿದೆ.

ಅಮೆರಿಕದ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಚಿಲ್ಮಾರ್ಕ್ ಎಂಬ ಊರಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಇಪ್ಪತ್ತೈದಕ್ಕೆ ಒಬ್ಬರು ಕಿವುಡರಿದ್ದರಂತೆ. ಅಲ್ಲೂ ಊರಿಗೆ ಊರೇ ಸನ್ನೆ ಆಡುತ್ತಿತ್ತು. ನೋರಾ ಎಲೆನ್ ಗ್ರೋಸ್ ಎಂಬ ಮಾನವಶಾಸ್ತ್ರಜ್ಞೆ ಅಲ್ಲಿನ ಮುದುಕರನ್ನು ಮಾತಾಡಿಸಿ 1985ರಲ್ಲಿ ಪುಸ್ತಕ ಬರೆದರು. ಸತ್ತುಹೋದ ಇಂಥವರು ಕಿವುಡರೇ ಎಂದು ಕೇಳಿದರೆ ಆ ಮುದುಕರು ನೆನಪು ಮಾಡಿಕೊಳ್ಳಬೇಕಾಗುತ್ತಿತ್ತಂತೆ. ಒಳ್ಳೆಯ ಮೀನುಗಾರ, ಒಳ್ಳೆಯ ನೆರೆಯವ ಎಂಬುದು ಮೊದಲು ನೆನಪಿಗೆ ಬರುತ್ತಿತ್ತು.

ಅಲೀಪುರದಂತೆ ನಮ್ಮ ಮಂಡ್ಯ ಸೀಮೆಯಲ್ಲೂ ಒಳಗೊಳಗೇ, ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆ ಮಾಡುವ ರೂಢಿ ಹಳೆಯದು. ಒಂದೇ ಬಳ್ಳಿಯ ಇಬ್ಬರಲ್ಲಿ ಅಡಗಿರುವ ಒಂದೇ ಬಗೆಯ ದೋಷ ಕೂಡಿ ಬಂದಾಗ ಕೂಸು ಕಿವುಡಾಗಿ ಹುಟ್ಟುವ ಸಾಧ್ಯತೆ ಹೆಚ್ಚುತ್ತದೆ. ಜಗತ್ತಿನ ಲೆಕ್ಕದಲ್ಲಿ ಸಾವಿರ ಶಿಶುಗಳಲ್ಲಿ ಒಂದೆರಡು ಗಂಭೀರ ಶ್ರವಣದೋಷದೊಂದಿಗೆ ಹುಟ್ಟುತ್ತವೆ. 2011ರ ಜನಗಣತಿಯಲ್ಲಿ ದೇಶದಲ್ಲಿ ಕಿವಿಯ ತೊಂದರೆ ಇರುವವರೆಂದು ಬರೆಸಿಕೊಂಡವರು 50,71,007.

ಅದೃಷ್ಟಕ್ಕೆ ನಮ್ಮ ಸೀಮೆಗೆ ದೇಶಕ್ಕೇ ಹೆಸರಾದ ಕಿವಿ ಆಸ್ಪತ್ರೆ ಹತ್ತಿರದಲ್ಲಿದೆ. ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿದರೆ ಹದಿನೈದು ಕಿಲೋಮೀಟರಿಗೆ ಮೈಸೂರು. ಅಲ್ಲಿ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನರ ಬಾಯಲ್ಲಿ ಆಯಿಷ್, 1965ರಲ್ಲಿ ಶುರುವಾದದ್ದು. ಕೆ.ಆರ್. ಪೇಟೆ ತಾಲ್ಲೂಕಿನವರು ಅಷ್ಟು ದೂರವೂ ಹೋಗಬೇಕಿಲ್ಲ. ಹೇಮಾವತಿ ದಡದ ಅಕ್ಕಿಹೆಬ್ಬಾಳಿನಲ್ಲಿ ಆಯಿಷ್ ತನ್ನ ಹೊರಸೇವಾ ಕೇಂದ್ರ ತೆರೆದಿದೆ.

ಹುಟ್ಟಿದ ಕೂಸಿಗೆ ಮಾಡುವ ಕಿವಿ ಪರೀಕ್ಷೆ ಬಹಳ ಸರಳ. ಕೂಸು ಹಾಲು ಕುಡಿದು ನಿದ್ದೆ ಹೋಗಿರಬೇಕು. ಕಿವಿಗೆ ಮೆತ್ತನೆಯ ರಬ್ಬರಿನ ತುದಿ ಇಟ್ಟು ಟಿಕ್ ಟಿಕ್ ಎಂಬ ಸಣ್ಣ ಸದ್ದು ಬಿಡುತ್ತಾರೆ. ಒಳಗಿವಿಯ ಕೂದಲೆಳೆಯಂಥ ಕೋಶಗಳು ಚೆನ್ನಾಗಿದ್ದರೆ ಆ ಸದ್ದಿಗೆ ತಾವೇ ಒಂದು ಕ್ಷೀಣ ಪ್ರತಿಧ್ವನಿ ಹೊರಡಿಸುತ್ತವೆ. ರಬ್ಬರಿನೊಳಗಿನ ಮೈಕು ಅದನ್ನು ಹಿಡಿಯುತ್ತದೆ. ನೋವಿಲ್ಲ, ರಕ್ತವಿಲ್ಲ, ಕೆಲವೇ ನಿಮಿಷ. ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ನೆರವು ಎಂಬುದು ಕಿವಿಯ ವೈದ್ಯರ ಪಾಠ. 'ಅವರಪ್ಪನೂ ತಡವಾಗೇ ಮಾತಾಡಿದ್ದು, ಬುಡಿ' ಎಂದು ಎರಡು ಮೂರು ವರ್ಷ ಕಳೆದು ಬರುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆ ವರ್ಷಗಳು ಮತ್ತೆ ಸಿಗುವುದಿಲ್ಲ.

ಕಿವುಡೆಂದು ಗೊತ್ತಾದ ಮೇಲೆ ಏನು ಮಾಡಬೇಕೆಂಬುದರಲ್ಲಿ ಹಳೆಯ ಜಗಳವೊಂದಿದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಭೆ, ಸನ್ನೆ ಬೇಡ, ಬಾಯಿಮಾತೇ ಸಾಕು ಎಂದು ತೀರ್ಮಾನಿಸಿತು. ಆ ತೀರ್ಮಾನದ ನೆರಳು ನೂರು ವರ್ಷ ಶಾಲೆಗಳ ಮೇಲಿತ್ತು. ಇವತ್ತು ಶ್ರವಣಸಾಧನ ಉತ್ತಮವಾಗಿದೆ, ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಸರ್ಕಾರದ ನೆರವಿದೆ. ಮೈಸೂರಿನಲ್ಲಿ ಕಿವುಡ ಮಕ್ಕಳ ಪೋಷಕರ ಸಂಘ ಮತ್ತು ರೋಟರಿ ವೆಸ್ಟ್ ಸೇರಿ ನಡೆಸುವ ಶಾಲೆಯಲ್ಲಿ ತಾಯಂದಿರೇ ಮಕ್ಕಳ ಜೊತೆ ಕೂತು ಮಾತು ಕಲಿಸುವ ವಿಧಾನ ಕಲಿಯುತ್ತಾರೆ, ಮನೆಮಠ ಬಿಟ್ಟು ವರ್ಷಗಟ್ಟಲೆ ಅಲ್ಲೇ ಇರುತ್ತಾರೆ. ಆ ತಾಯಂದಿರ ಮುಂದೆ ತಲೆಬಾಗುತ್ತೇನೆ. ಅವರ ಶ್ರಮದಿಂದ ಮಾತು ಬಂದ ಮಕ್ಕಳಿದ್ದಾರೆ.

ಆದರೂ ಯಂತ್ರ ಬರುವತನಕ, ಬಂದ ಮೇಲೆ ಅದು ಹಿಡಿಸುವತನಕ, ಹಿಡಿಸಿದ ಮೇಲೂ ಸ್ನಾನ ಮಾಡುವಾಗ, ಮಲಗುವಾಗ, ಬ್ಯಾಟರಿ ಮುಗಿದಾಗ ಆ ಮಗುವಿಗೆ ಭಾಷೆ ಬೇಡವೇ? ಮಿದುಳು ಭಾಷೆಗಾಗಿ ಬಾಗಿಲು ತೆರೆದಿಟ್ಟುಕೊಂಡಿರುವ ವರ್ಷಗಳು ಕೆಲವೇ. ಕಿವಿಯಿಂದಲೋ ಕಣ್ಣಿನಿಂದಲೋ ಯಾವುದೋ ಒಂದು ಭಾಷೆ ಆಗ ಒಳಗೆ ಹೋಗಬೇಕು. ಕಿವುಡ ತಂದೆತಾಯಿಯ ಕಿವುಡ ಕೂಸುಗಳು ತೊಟ್ಟಿಲಲ್ಲಿ ಕೈಯಲ್ಲೇ ತೊದಲುತ್ತವೆ ಎಂದು ಲಾರಾ ಆ್ಯನ್ ಪೆಟಿಟೊ 1991ರಲ್ಲಿ ತೋರಿಸಿಕೊಟ್ಟರು. ಉಳಿದ ಕೂಸುಗಳ ಬಾಯಲ್ಲಿ 'ಬಾಬಾಬಾ' ಬರುವಂತೆ ಅವುಗಳ ಬೆರಳಿನಲ್ಲಿ ಸನ್ನೆಯ ಚೂರುಪಾರುಗಳು ಬರುತ್ತವೆ. ಆದರೆ ಅಮೆರಿಕದ ಲೆಕ್ಕದ ಪ್ರಕಾರ ನೂರು ಕಿವುಡ ಮಕ್ಕಳಲ್ಲಿ 90ಕ್ಕೂ ಹೆಚ್ಚು ಮಕ್ಕಳ ತಂದೆತಾಯಿಗೆ ಕಿವಿ ಕೇಳಿಸುತ್ತದೆ. ಅಂಥ ಮನೆಯಲ್ಲಿ ಆ ತೊದಲಿಗೆ ಓಗೊಡುವ ಕೈ ಇರುವುದಿಲ್ಲ. ಇದ್ದರೂ ಅವ್ವನದೊಂದೇ.

ನನ್ನ ಆಸೆ ಇರುವುದು ಇಲ್ಲಿ. ಕಿವುಡ ಮಗುವಿಗೆ ಸನ್ನೆ ಕಲಿಸಿ ಎಂದರೆ ಅರ್ಧ ಕೆಲಸ. ಅದರ ಜೊತೆ ಚೌಕಾಬಾರ ಆಡುವ, ಮಣ್ಣಲ್ಲಿ ಜಗಳವಾಡುವ, ಟೂ ಬಿಡುವ ಮಕ್ಕಳಿಗೂ ಕಲಿಸಬೇಕು. ಅದಕ್ಕೆ ಜಾಗ ಅಂಗನವಾಡಿ. ಅಂಗನವಾಡಿಯ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಟಿ. ನರಸೀಪುರ. ನಮ್ಮ ಕಾವೇರಿಯೇ ಅಲ್ಲಿಗೆ ಹರಿದು ಹೋಗಿ ಕಪಿಲೆಯನ್ನು ಕೂಡುತ್ತಾಳೆ. ವಿಶೇಷ ಮಕ್ಕಳನ್ನು ಅಂಗನವಾಡಿಯಲ್ಲೇ ಗುರುತಿಸಿ ಜೊತೆಗೇ ಬೆಳೆಸುವ ಕೈಪಿಡಿಯೊಂದನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದೆ. ಅಂಗನವಾಡಿ ಟೀಚರ್ ಮೇಲೆ ಈಗಾಗಲೇ ಹೊರಲಾರದಷ್ಟು ಕೆಲಸವಿದೆ, ನಿಜ. ಆದರೆ ಶಿಶುಗೀತೆ ಹೇಳಿಸುವಾಗ ಅವರು ಕೈ ಆಡಿಸುತ್ತಲೇ ಇರುತ್ತಾರೆ. ಆನೆ, ಮಳೆ, ಮರ, ಹಕ್ಕಿ ಎಲ್ಲಕ್ಕೂ ಒಂದೊಂದು ಅಭಿನಯವಿದೆ. ಆ ಅಭಿನಯದ ಜಾಗದಲ್ಲಿ ನಿಜವಾದ ಸನ್ನೆ ಭಾಷೆಯ ಪದಗಳನ್ನಿಟ್ಟರೆ ಒಂದು ವರ್ಷದಲ್ಲಿ ಮಕ್ಕಳ ಕೈಯಲ್ಲಿ ನೂರು ಪದ ಕೂರುತ್ತವೆ. ತಿಂಗಳಿಗೊಮ್ಮೆ ಊರಿನದೋ ಪಕ್ಕದೂರಿನದೋ ಕಿವುಡ ಅಣ್ಣನೋ ಅಕ್ಕನೋ ಬಂದು ಕಲಿಸಿ, ಅದಕ್ಕೆ ಗೌರವಧನ ಪಡೆದರೆ ಇನ್ನೂ ಒಳ್ಳೆಯದು. ಭಾಷೆ ಅವರದು, ಮೇಷ್ಟರೂ ಅವರೇ ಆಗಲಿ.

ಸಾಮಗ್ರಿಗೆ ಕೊರತೆಯಿಲ್ಲ. ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2018ರಲ್ಲಿ 3,000 ಪದಗಳ ವಿಡಿಯೊ ನಿಘಂಟು ತಂದಿತು, 2021ರ ಹೊತ್ತಿಗೆ ಅದು 10,000 ಮುಟ್ಟಿತು. ಫೋನಿನಲ್ಲೇ ನೋಡಬಹುದು. ಅದೇ ವರ್ಷ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಭಾರತೀಯ ಸನ್ನೆ ಭಾಷೆ ಒಂದು ಭಾಷಾ ವಿಷಯವಾಯಿತು, ಕಿವಿ ಕೇಳಿಸುವವರೂ ಓದಿ ಪರೀಕ್ಷೆ ಬರೆಯಬಹುದು. 2024ರ ಡಿಸೆಂಬರ್‌ನಿಂದ ಪಿಎಂ ಇ-ವಿದ್ಯಾದ 31ನೇ ಚಾನೆಲ್ ಸನ್ನೆ ಭಾಷೆಗೇ ಮೀಸಲಾಗಿದೆ.

ಕನ್ನಡದ ಮಕ್ಕಳಿಗೆ ಇದು ಕಷ್ಟವೂ ಆಗದು. ವಾಟ್ ಈಸ್ ಯುವರ್ ನೇಮ್ ಎನ್ನಲು ಇಂಗ್ಲಿಷಿನಲ್ಲಿ ಪ್ರಶ್ನೆಯ ಪದ ಮೊದಲು ಬರಬೇಕು. ಭಾರತೀಯ ಸನ್ನೆ ಭಾಷೆಯಲ್ಲಿ ನಿನ್ನ, ಹೆಸರು, ಏನು ಎಂದು ಪ್ರಶ್ನೆ ಕೊನೆಗೆ ಬರುತ್ತದೆ. ಇಲ್ಲ, ಬೇಡ ಎಂಬುದೂ ಕೊನೆಗೇ. ನಾವು ಮನೆಯಲ್ಲಿ ಮಾತಾಡುವ ಕ್ರಮವೇ ಅದು.

ಮನೆಯಲ್ಲಿ ಶುರು ಮಾಡುವವರಿಗೆ ನನ್ನ ಅನುಭವದ ಎರಡು ಮಾತು. ಹಾಲು, ನೀರು, ಸಾಕು, ಇನ್ನೂ ಬೇಕು, ನೋವು ಇಷ್ಟರಿಂದ ಹಿಡಿಯಿರಿ. ಸನ್ನೆ ಮಾಡುವಾಗ ಬಾಯಲ್ಲೂ ಹೇಳಿ, ಸನ್ನೆಯನ್ನು ಮುಖದ ಹತ್ತಿರ ಮಾಡಿ. ಕೂಸು ತಿರುಗಿ ಮಾಡಲು ವಾರಗಳಾಗಬಹುದು, ತಿಂಗಳೂ ಆಗಬಹುದು. ಮಾಡಿದಾಗ ಸೊಟ್ಟಗೇ ಮಾಡುತ್ತದೆ. ತೊದಲುನುಡಿಯನ್ನು ತಿದ್ದುತ್ತೇವೆಯೇ? ಇದನ್ನೂ ತಿದ್ದಬಾರದು. ಯಾವುದೋ ವಿದೇಶಿ ಕಾರ್ಡಿನ ಸನ್ನೆಗಿಂತ ನಮ್ಮ ದೇಶದ ಕಿವುಡರು ಆಡುವ ಸನ್ನೆಯನ್ನೇ ಕಲಿಸಿ. ನಾಳೆ ಆ ಕೂಸು ಬೆಳೆದು ಬಸ್ಸಿನಲ್ಲಿ ಟಿಕೆಟ್ ಕೊಡುವಾಗಲೋ, ಮೆಡಿಕಲ್ ಶಾಪಿನ ಕೌಂಟರಿನಲ್ಲೋ ಡಾಕ್ಟರ ಕುರ್ಚಿಯಲ್ಲೋ ಕೂತಾಗಲೋ ಅದು ಕೈಗೆ ನೆನಪಿರುತ್ತದೆ.

ಈ ಸಲ ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ತಂಗಿಯ ಮಗಳಿಗೆ ಈಗ ಮೂರೂವರೆ ದಾಟಿದೆ, ಬಾಯಿ ಮುಚ್ಚುವುದೇ ಇಲ್ಲ. ಕೆಳಗಿನ ಬೀದಿಯ ಹುಡುಗನೊಬ್ಬ ಜಗಲಿಯ ಮೇಲೆ ಅವಳ ಜೊತೆ ಆಡುತ್ತಿದ್ದ. ನಾಲ್ಕು ವರ್ಷದವನು. ಕಿವಿಯ ಹಿಂದಿನ ಯಂತ್ರವನ್ನು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡಿದ್ದ. ಅವನ ಅವ್ವ ಗದರಿದರೂ ಹಾಕಿಕೊಳ್ಳುವುದಿಲ್ಲವಂತೆ. ಇವಳು ಒಳಗಿಂದ ಒಂದು ಚೂರು ಬೆಲ್ಲ ಕದ್ದು ತಂದು, ಕೊಡುವ ಮೊದಲು ಅಂಗೈ ಮೇಲೆ ಬೆರಳು ಉಜ್ಜಿ ತೋರಿಸಿದಳು. ಅವನಿಗೆ ಆ ಸನ್ನೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ನೋಡಿ, ಅವಳ ಕೈಯನ್ನೇ ಹಿಡಿದು ಅದರ ಮೇಲೆ ತನ್ನ ಬೆರಳು ಉಜ್ಜಿ ನೆಕ್ಕಿದ. ಇಬ್ಬರೂ ಬೆಲ್ಲ ಹಂಚಿಕೊಂಡರು.

ಆಮೇಲೆ ಅವನು ರಸ್ತೆಯ ಕಡೆ ನೋಡುತ್ತಾ ಎರಡೂ ಮುಷ್ಟಿಯನ್ನು ಮುಂದೆ ಹಿಡಿದು ಅಲುಗಿಸಿ, ಕೈಯೆತ್ತಿ ತಲೆಯ ಮೇಲೆ ಎತ್ತರ ತೋರಿಸಿದ. ಏನದು ಎಂದು ಸೊಸೆಯನ್ನು ಕೇಳಿದೆ.

'ಅಷ್ಟೂ ಗೊತ್ತಾಗಲ್ವಾ ಮಾವ? ಕಬ್ಬಿನ ಟ್ರ್ಯಾಕ್ಟ್ರು.'

ತಿರುಗಿ ನೋಡಿದೆ. ನಾಲೆ ಏರಿಯ ತಿರುವಿನಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಆಲೆಮನೆಯ ಕಡೆಗೆ ಹೊರಳುತ್ತಿತ್ತು.